ಸೀಗೆಪುಡಿಗೆ ಹೋಗದ ಕಪ್ಪು

ನರಕ ಚತುರ್ದಶಿಯ ಬೆಳಗಿನ ಜಾವ ತುಮಕೂರಿನ ನಮ್ಮ ಮನೆಯ ಬಚ್ಚಲಲ್ಲಿ, 41 ವರ್ಷದ ನನ್ನನ್ನು ಮಣೆಯ ಮೇಲೆ ಕೂರಿಸಿ ಅಮ್ಮ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದರು. ಬೆನ್ನಿನಿಂದ ಕತ್ತಿಗೆ ಬಂದ ಅವರ ಕೈ ಅಲ್ಲೇ ನಿಂತಿತು. ಮತ್ತೊಂದು ಹಿಡಿ ಸೀಗೆಪುಡಿ ತೆಗೆದುಕೊಂಡು ಉಜ್ಜಿದರು, ಅದರ ಮೇಲೆ ಕಡಲೆಹಿಟ್ಟು ಹಾಕಿ ಉಜ್ಜಿದರು. "ಏನೇ ಇದು, ಕರಿಮಣಿ ಸರದ ಕಲೆ ಇಷ್ಟು ದಪ್ಪಗೆ ಕೂತುಬಿಟ್ಟಿದೆ! ಸರಿಯಾಗಿ ಸ್ನಾನಾನೇ ಮಾಡಲ್ವಾ?" ಎಂದರು. ಬಿಸಿನೀರು ಬಿದ್ದಾಗ ಕತ್ತು ಚುರುಗುಟ್ಟಿತು. ಕಪ್ಪು ಮಾತ್ರ ಒಂದಿಷ್ಟೂ ಕದಲಲಿಲ್ಲ.

ಆ ಕಪ್ಪು ನನಗೆ ಹೊಸದಾಗಿರಲಿಲ್ಲ. ನಾಲ್ಕೈದು ವರ್ಷಗಳಿಂದ ನಿಂಬೆಹಣ್ಣು, ಮೊಸರು, ಅರಿಶಿನ ಎಲ್ಲವನ್ನೂ ಹಚ್ಚಿದ್ದೆ. ಪಾರ್ಲರಿನಲ್ಲಿ ಬ್ಲೀಚ್ ಮಾಡಿಸಿಕೊಂಡು ಒಂದು ವಾರ ಸಿಪ್ಪೆ ಏಳುವಂತೆ ಸುಟ್ಟುಕೊಂಡೂ ಇದ್ದೆ. ಕಾಲೇಜಿನಲ್ಲಿ ಪಾಠ ಮಾಡುವಾಗ ಹಲಗೆಯ ಕಡೆಗೆ ತಿರುಗಬೇಕಾದಾಗಲೆಲ್ಲ ಸೆರಗನ್ನು ಕತ್ತಿನ ಸುತ್ತ ಎಳೆದುಕೊಳ್ಳುವುದು ಅಭ್ಯಾಸವಾಗಿಹೋಗಿತ್ತು. ಆದರೆ ಅಮ್ಮನ ಬಾಯಿಂದ ಕೊಳೆ ಎಂಬ ಅರ್ಥದ ಮಾತು ಬಂದದ್ದು ಸಹಿಸಲಾಗದೆ, ಹಬ್ಬ ಮುಗಿದ ವಾರದಲ್ಲೇ ಚರ್ಮವೈದ್ಯರ ಬಳಿ ಹೋದೆ.

ಒಳ್ಳೆಯದೊಂದು ಮುಲಾಮು ಬರೆದುಕೊಡುತ್ತಾರೆ ಎಂದುಕೊಂಡು ಹೋಗಿದ್ದ ನನಗೆ, ಅವರು ಕೇಳಿದ ಪ್ರಶ್ನೆಗಳು ವಿಚಿತ್ರವೆನಿಸಿದವು. ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆ, ಮುಟ್ಟು ಸರಿಯಾಗಿ ಆಗುತ್ತದೆಯೇ, ಕಂಕುಳಲ್ಲೂ ಹೀಗೇ ಇದೆಯೇ ಎಂದು ಕೇಳಿದರು. ಕತ್ತಿನ ಮೇಲೆ ಬೆರಳಾಡಿಸಿ, ಚರ್ಮ ಮಖಮಲ್ಲಿನಂತೆ ದಪ್ಪಗಾಗಿರುವುದನ್ನೂ ಅದರ ಗೆರೆಗಳು ಆಳವಾಗಿರುವುದನ್ನೂ ನನ್ನ ಕೈಯಿಂದಲೇ ಮುಟ್ಟಿಸಿ ತೋರಿಸಿದರು. ನಾನು ನರಹುಲಿ ಎಂದುಕೊಂಡಿದ್ದ ಸಣ್ಣ ಸಣ್ಣ ತೊಗಲಿನ ಕಾಳುಗಳೂ ಇದರ ಜೊತೆಗಾರರೇ ಎಂದರು. "ಮೇಡಂ, ಇದು ಕೊಳೆಯೂ ಅಲ್ಲ, ಬಿಸಿಲಿನ ಕಪ್ಪೂ ಅಲ್ಲ. ಉಜ್ಜಿದಷ್ಟೂ ಹೆಚ್ಚಾಗುತ್ತೆ" ಎಂದವರು ಅಕ್ಯಾಂಥೋಸಿಸ್ ನೈಗ್ರಿಕನ್ಸ್ ಎಂಬ ಹೆಸರನ್ನು ಚೀಟಿಯಲ್ಲಿ ಬರೆದರು.

ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುವುದಾದರೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತ ಹೋದಂತೆ ಮೈಯ ಜೀವಕೋಶಗಳು ಇನ್ಸುಲಿನ್ನಿನ ಮಾತನ್ನು ಕೇಳದಾಗುತ್ತವೆ. ಆಗ ಮೇದೋಜೀರಕ ಗ್ರಂಥಿಯು ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ರಕ್ತದಲ್ಲಿ ಹೀಗೆ ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನು ಬೆಳೆಯುವಂತೆ ಪ್ರಚೋದಿಸುವುದರಿಂದ ಮೇಲ್ಪದರ ದಪ್ಪವಾಗಿ, ಮಡಿಕೆ ಬಿದ್ದು, ಕಪ್ಪಾಗಿ ಕಾಣುತ್ತದೆ. ಹಿಂದಿನ ಬೇಸಿಗೆಯಲ್ಲಿ ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಹೊಟ್ಟೆಯ ಮಡಿಕೆಯಡಿ ನನಗೆ ಹುಳುಕಡ್ಡಿ ಎದ್ದಿದ್ದನ್ನೂ ಹೇಳಿದೆ. ಔಷಧಿ ಅಂಗಡಿಯವನು ಕೊಟ್ಟ ಸ್ಟೀರಾಯ್ಡ್ ಬೆರೆತ ಮುಲಾಮಿಗೆ ಎರಡು ದಿನ ತುರಿಕೆ ನಿಂತು, ಆಮೇಲೆ ಬೆನ್ನಿನವರೆಗೂ ಹಬ್ಬಿತ್ತು. ಬೆವರು ಆರದ ಮಡಿಕೆಯಲ್ಲಿ ಶಿಲೀಂಧ್ರ ಬೆಳೆಯುವುದು ಸುಲಭ, ಆದ್ದರಿಂದ ಅದರ ಬೇರೂ ತೂಕದಲ್ಲೇ ಇದೆ ಎಂದರು.

156 ಸೆಂಟಿಮೀಟರ್ ಎತ್ತರಕ್ಕೆ 76 ಕಿಲೋ ತೂಕ. ಟೇಪು ಹಿಡಿದು ಅಳೆದರೆ ಸೊಂಟದ ಸುತ್ತಳತೆ 97. ಭಾರತದ ಹೆಂಗಸರಿಗೆ 80 ದಾಟಿದರೇ ಎಚ್ಚರಿಕೆಯಂತೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1 ಬಂದಿತ್ತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು, ನಾನು ಅದರ ನಟ್ಟನಡುವೆ ನಿಂತಿದ್ದೆ.

ನಾನು ಸಿಹಿ ತಿನ್ನುವವಳೇ ಅಲ್ಲ ಎಂದು ವೈದ್ಯರ ಮುಂದೆ ಗಟ್ಟಿಯಾಗಿ ಹೇಳಿದ್ದೆ. ಅವರ ಮಾತಿನಂತೆ ಒಂದು ವಾರ ತಿಂದದ್ದನ್ನೆಲ್ಲ ಬರೆದಿಟ್ಟಾಗ ಗುಟ್ಟು ಬಯಲಾಯಿತು. ದಿನಕ್ಕೆ ಐದು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಎಂದರೂ ಕಾಫಿಯೊಂದರಲ್ಲೇ 50 ಗ್ರಾಂ. ಜೊತೆಗೆ ಸ್ಟಾಫ್ ರೂಮಿನ ಬಿಸ್ಕತ್ತು, ಎರಡು ಹೊತ್ತು ತಟ್ಟೆ ತುಂಬ ಅನ್ನ, ಅದರ ಮೇಲೆ ತಿಳಿಸಾರು. ಬೇಳೆ ಪಾತ್ರೆಯ ತಳದಲ್ಲೇ ಉಳಿಯುತ್ತಿತ್ತು. ಮುದ್ದೆ ತಿಂದರೆ ಎಲ್ಲ ಸರಿಹೋಗುತ್ತದೆ ಎಂದು ಹಲವರು ಸಲಹೆ ಕೊಟ್ಟರು. ನುಣ್ಣಗೆ ಬೀಸಿದ ರಾಗಿಯೂ ಪಿಷ್ಟವೇ. ಎರಡು ದೊಡ್ಡ ಮುದ್ದೆ ನುಂಗಿ ಸೊಪ್ಪುಕಾಳನ್ನು ಬಿಟ್ಟೇಳುವವರಿಗೆ ಅದರಿಂದ ಅಂಥ ಲಾಭವೇನೂ ಇಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಾನು ಮಾಡಿದ್ದು ತಪ್ಪನ್ನೇ. ಬೇಗ ಇಳಿಯಬೇಕೆಂಬ ಹಟದಲ್ಲಿ ರಾತ್ರಿಯ ಊಟ ಬಿಟ್ಟು, ಮಧ್ಯಾಹ್ನ ಸೌತೆಕಾಯಿ ಮಜ್ಜಿಗೆಯಲ್ಲಿ ಐದು ವಾರ ಕಳೆದು 6 ಕಿಲೋ ಇಳಿಸಿದೆ. ಎರಡು ಮೂರು ತಿಂಗಳಾಗುವಷ್ಟರಲ್ಲಿ ಬಾಚಣಿಗೆಯ ತುಂಬ ಕೂದಲು ಬರತೊಡಗಿತು, ಕೈಕಾಲಿನ ಚರ್ಮ ಒಣಗಿ ಬಿಳಿ ಗೆರೆ ಏಳುತ್ತಿತ್ತು. ಮೈಗೆ ಪ್ರೋಟೀನ್ ಸಿಗದಾದಾಗ ಅದು ಮೊದಲು ಕೈಬಿಡುವುದು ಕೂದಲನ್ನೇ ಎಂದು ವೈದ್ಯರು ಗದರಿದರು. ಆಮೇಲಷ್ಟೇ ದಾರಿಗೆ ಬಂದೆ: ಅನ್ನ ಅರ್ಧಕ್ಕಿಳಿದು, ಹೆಸರುಕಾಳು, ಕಡಲೆಕಾಳು, ಮೊಟ್ಟೆ, ಪಲ್ಯ ತಟ್ಟೆಯ ಉಳಿದರ್ಧಕ್ಕೆ ಬಂದವು; ಕಾಫಿ ಎರಡೇ ಲೋಟವಾಯಿತು, ಅದೂ ಸಕ್ಕರೆಯಿಲ್ಲದ್ದು. ಮೊದಲ ಹದಿನೈದು ದಿನ ಅದು ಕಷಾಯದಂತೆಯೇ ಇತ್ತು. ಸಂಜೆ ಅಮಾನಿಕೆರೆಯ ಸುತ್ತ ನಡಿಗೆ.

ವರ್ಷ ತುಂಬುವ ಹೊತ್ತಿಗೆ ತೂಕ 68ಕ್ಕೂ ಎಚ್‌ಬಿಎ1ಸಿ 5.6ಕ್ಕೂ ಬಂದವು. ಕತ್ತಿನಲ್ಲಿ ಮೊದಲು ಕಡಿಮೆಯಾದದ್ದು ಒರಟುತನ. ಬಣ್ಣ ತಿಳಿಯಾಗಲು ಇನ್ನೂ ತಿಂಗಳುಗಳು ಬೇಕಾದವು, ಪೂರ್ತಿ ಹೋಗಿಲ್ಲ. ತೊಗಲಿನ ಕಾಳುಗಳು ಇದ್ದಲ್ಲೇ ಇವೆ.

ಈ ದೀಪಾವಳಿಗೆ ತಮ್ಮನ ಸಂಸಾರ ಬಂದಿತ್ತು. 14 ವರ್ಷದ ಸೋದರಳಿಯ ಬಗ್ಗಿ ಪಟಾಕಿಗೆ ಊದುಬತ್ತಿ ಹಿಡಿದಾಗ ಅವನ ಕತ್ತಿನ ಹಿಂದೆ ಅದೇ ಪಟ್ಟಿ ಕಂಡಿತು. ತಮ್ಮನ ಹೆಂಡತಿಯನ್ನು ಒಳಗೆ ಕರೆದು, ಒಮ್ಮೆ ರಕ್ತಪರೀಕ್ಷೆ ಮಾಡಿಸು ಎಂದೆ. "ಅಯ್ಯೋ ಅಕ್ಕ, ದಿನಾ ಬಿಸಿಲಲ್ಲಿ ಕ್ರಿಕೆಟ್ ಆಡ್ತಾನೆ, ಅದಕ್ಕೇ ಕಪ್ಪಾಗಿದಾನೆ" ಎಂದು ಅವಳು ನಕ್ಕಳು. ಬಚ್ಚಲಿನಲ್ಲಿ ಅಮ್ಮ ಆಗಲೇ ಅವನಿಗಾಗಿ ಸೀಗೆಪುಡಿ ಕಲಸುತ್ತಿದ್ದರು.