ಚಿಕ್ಕಮ್ಮನನ್ನು ಒಂದು ಮಾತು ಕೇಳಬೇಕಿತ್ತು

ಆಸ್ಪತ್ರೆಗೆ ದೂರು ಕೊಡ್ತೀನಿ ಅಂತ ಚಿಕ್ಕಮ್ಮ ಹೇಳಿದಾಗ ಮನೆಯಲ್ಲಿ ಯಾರಿಗೂ ಅದು ಸರಿ ಅನ್ನಿಸಲಿಲ್ಲ. ಅವರೇನು ತಪ್ಪು ಔಷಧಿ ಕೊಟ್ಟಿದ್ದಾರಾ ಅಂತ ಒಬ್ಬರು ಕೇಳಿದರು. ಮನಸ್ಸಿನ ಕಾಯಿಲೆಯ ವಿಷಯ, ಸುಮ್ನೆ ಹತ್ತು ಜನಕ್ಕೆ ಗೊತ್ತಾಗುತ್ತೆ ಅಂತ ಇನ್ನೊಬ್ಬರು ಹೆದರಿಸಿದರು. ಚಿಕ್ಕಮ್ಮ ಪಟ್ಟು ಬಿಡಲಿಲ್ಲ. ಅರ್ಜಿ ಬರೆದುಕೊಡೋಕೆ, ಆ ದಿನ ಜೊತೆಗೆ ಬರೋಕೆ ನನ್ನನ್ನು ಕರೆದರು. ಇದನ್ನು ಬರೆದ ಮೇಲೆ ಅವರಿಗೆ ಪೂರ್ತಿ ಓದಿ ಹೇಳಿದ್ದೇನೆ. ಅವರು ತೆಗೆಸಿದ ಮಾತುಗಳು ಇಲ್ಲಿಲ್ಲ.

ಚಿಕ್ಕಪ್ಪ ತೀರಿಕೊಂಡ ಮೇಲೆ ಅವರಿಗೆ ನಿದ್ದೆ ಹೋಗಿತ್ತು. ಎದೆ ಉರಿ, ಕೈಕಾಲು ಸೋಲು. ಹೃದಯದ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಮನೋವೈದ್ಯರು ನೋಡಿ ಖಿನ್ನತೆ ಅಂದರು. ಮಾತ್ರೆ ಬರೆದುಕೊಟ್ಟು, ಅದೇ ವಿಭಾಗದಲ್ಲಿ ಮಾತುಕತೆಯ ಮೂಲಕ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು.

ಆ ಸೈಕಾಲಜಿಸ್ಟ್ ಶುರುವಿನಲ್ಲಿ ತುಂಬಾ ಚೆನ್ನಾಗಿ ನಡೆದುಕೊಂಡರು. ಇದನ್ನು ಹೇಳಲೇಬೇಕು. ‘ಅಮ್ಮಾ, ಈ ತೊಂದರೆಗೆ ನೀವು ಏನಂತೀರಿ? ಯಾಕೆ ಬಂತು ಅಂತ ನಿಮಗೆ ಅನ್ನಿಸುತ್ತೆ? ಮನೆಯವರು ಇದರ ಬಗ್ಗೆ ಏನಂತಾರೆ?’ ಅಂತ ಕೇಳಿದರು. ಇಂಥ ಪ್ರಶ್ನೆಗಳಿಗೆ ಒಂದು ಹಿನ್ನೆಲೆ ಇದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಎಂಬ ಕೈಪಿಡಿಯಲ್ಲಿ ರೋಗಿಯ ಸಂಸ್ಕೃತಿಯನ್ನು ಅರಿಯಲು 16 ಪ್ರಶ್ನೆಗಳ ಒಂದು ಸಂದರ್ಶನವನ್ನು ಸೇರಿಸಿದ್ದಾರೆ. ಕಾಯಿಲೆಯ ಹೆಸರಿಗಿಂತ ಮೊದಲು ಆ ಮನುಷ್ಯ ಅದನ್ನು ಹೇಗೆ ನೋಡುತ್ತಾನೆ ಅಂತ ತಿಳಿಯುವುದು ಅದರ ಉದ್ದೇಶ.

ಮುಸ್ಸಂಜೆ ಹೊತ್ತಲ್ಲಿ ಚಿಕ್ಕಪ್ಪ ಕರೆದ ಹಾಗೆ ಕೇಳಿಸುತ್ತೆ ಅನ್ನುವುದನ್ನು ಚಿಕ್ಕಮ್ಮ ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹುಚ್ಚು ಅಂದುಬಿಡ್ತಾರೆ ಅನ್ನೋ ಭಯ. ಸೈಕಾಲಜಿಸ್ಟ್ ಗಾಬರಿ ಆಗಲಿಲ್ಲ. ಆ ದನಿ ಹೆದರಿಕೆ ತರುತ್ತಾ, ಸಮಾಧಾನ ಕೊಡುತ್ತಾ ಅಂತ ಕೇಳಿದರು. ಸಂಗಾತಿಯನ್ನು ಕಳೆದುಕೊಂಡ ಎಷ್ಟೋ ಜನಕ್ಕೆ ಹೀಗಾಗುತ್ತೆ, ಅದೊಂದನ್ನೇ ಹಿಡಿದು ಕಾಯಿಲೆ ಅನ್ನೋಕೆ ಆಗಲ್ಲ ಅಂತ ಬಿಡಿಸಿ ಹೇಳಿದರು. ಆವತ್ತು ಮನೆಗೆ ಬಂದ ಚಿಕ್ಕಮ್ಮ ನನಗೆ ಫೋನ್ ಮಾಡಿ, ‘ಈ ಹುಡುಗನಿಗೆ ನಮ್ಮ ಕಷ್ಟ ತಿಳಿಯುತ್ತೆ ಕಣೇ’ ಅಂದಿದ್ದರು.

ಆ ನಂಬಿಕೆಯಿಂದಲೇ ಮುಂದಿನ ಭೇಟಿಗಳಲ್ಲಿ ಇನ್ನೂ ಒಳಗಿನ ಮಾತು ಹೊರಗೆ ಬಂತು. ಮಗನ ಮನೆಯಲ್ಲಿ ಉಸಿರು ಕಟ್ಟಿದ ಹಾಗಾಗುತ್ತೆ. ತಾನೂ ಗಂಡನೂ ಬಾಳಿದ ಹಳೆಯ ಮನೆಗೆ ಹೋಗಿ ಒಬ್ಬಳೇ ಇರಬೇಕು. ಆ ಮನೆ ಮಾರುವ ಮಾತು ಬಂದಾಗೆಲ್ಲ ಎದೆ ಉರಿ ಜಾಸ್ತಿ ಆಗುತ್ತೆ. ಇಷ್ಟನ್ನು ಹೇಳಿಕೊಂಡಿದ್ದರು.

ಆ ವಾರವೇ ಸೈಕಾಲಜಿಸ್ಟ್ ಮಗನಿಗೆ ಫೋನ್ ಮಾಡಿದರು. ನಿಮ್ಮ ತಾಯಿ ಬೇರೆ ಇರಬೇಕು ಅಂತಿದ್ದಾರೆ, ಮನೆ ಮಾರುವ ವಿಷಯ ಅವರ ಮುಂದೆ ಎತ್ತಬೇಡಿ, ಮಗನಾಗಿ ನೀವೇ ಸರಿ ಮಾಡಬೇಕು ಅಂತ ಹೇಳಿದರು. ಆತನ ಮನಸ್ಸಿನಲ್ಲಿ ಇದ್ದದ್ದು ಒಳ್ಳೆಯದೇ. ನನ್ನ ತಮ್ಮ, ಅಂದರೆ ಚಿಕ್ಕಮ್ಮನ ಮಗ, ಕೆಟ್ಟವನೂ ಅಲ್ಲ. ರಾತ್ರಿ ಊಟಕ್ಕೆ ಕೂತಾಗ, ‘ಅಮ್ಮಾ, ನನ್ನ ಹತ್ತಿರ ಹೇಳದೇ ಇರೋದನ್ನ ಹೊರಗಿನವರ ಹತ್ತಿರ ಹೇಳಿದ್ಯಾ?’ ಅಂತ ಕೇಳಿಬಿಟ್ಟ. ಅವನಿಗೂ ನೋವಾಗಿತ್ತು.

ಅಲ್ಲಿಂದ ಚಿಕ್ಕಮ್ಮ ಮಾತು ನಿಲ್ಲಿಸಿದರು. ಆಸ್ಪತ್ರೆಗೆ ಹೋಗಲಿಲ್ಲ. ಮಾತ್ರೆಯನ್ನೂ ಬಿಟ್ಟರು. ನಿದ್ದೆ ಮತ್ತೆ ಹೋಯಿತು.

ಸಂಸ್ಕೃತಿ ತಿಳಿದು ಕೊಡುವ ಆರೈಕೆ ಬೇಕು ಅಂತ ವಾದಿಸುವವರಲ್ಲಿ ನಾನೂ ಒಬ್ಬಳು. ಅದು ಮನುಷ್ಯರ ಬಾಯಿ ಬಿಡಿಸುತ್ತೆ. ಬೇರೆ ಡಾಕ್ಟರ ಮುಂದೆ ಎದೆ ಉರಿ ಅಂತಷ್ಟೇ ಹೇಳಿ ಬರುವವರು ಇಲ್ಲಿ ಗಂಡನ ದನಿ, ಮಗನ ಮನೆ, ಆಸ್ತಿ ಎಲ್ಲವನ್ನೂ ಹೇಳುತ್ತಾರೆ. ಹಾಗೆ ಹೇಳಿಸಿಕೊಂಡವರ ಹೊಣೆ ಬೇರೆಯವರಿಗಿಂತ ಹೆಚ್ಚು. ಈ ಎರಡನೆಯ ಮಾತನ್ನು ನಮ್ಮಲ್ಲಿ ಬಹಳ ಕಡಿಮೆ ಆಡುತ್ತೇವೆ.

ದೂರಿಗೆ ಮೊದಲು ಫೈಲಿನ ಪ್ರತಿ ಕೇಳಿದೆವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ತನ್ನ ಪ್ರಾಥಮಿಕ ವೈದ್ಯಕೀಯ ದಾಖಲೆ ಪಡೆಯುವುದು ರೋಗಿಯ ಹಕ್ಕು. ಕೌಂಟರಿನಲ್ಲಿ ಒಂದಷ್ಟು ಓಡಾಡಿಸಿದರು, ಆಮೇಲೆ ಕೊಟ್ಟರು. ಅದನ್ನು ಓದುವಾಗ ಒಂದು ಕಡೆ ನಿಂತೆ. ನಿದ್ರಾಹೀನತೆ, ಹಸಿವಿಲ್ಲ ಅನ್ನುವ ಲಕ್ಷಣಗಳ ಸಾಲಿನಲ್ಲೇ ಇಂಗ್ಲಿಷಿನಲ್ಲಿ ಇನ್ನೊಂದು ಮಾತು ಬರೆದಿತ್ತು. ಮಗನನ್ನು ಬಿಟ್ಟು ಒಂಟಿಯಾಗಿರುವ ಹಟ ಇದೆ, ಕುಟುಂಬದ ರೀತಿಗೆ ಹೊಂದಿಕೊಳ್ಳುತ್ತಿಲ್ಲ ಅಂತ. ಚಿಕ್ಕಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದರು. ‘ಇದೂ ಕಾಯಿಲೆಯಾ?’ ಅಂದರು.

ಅಲ್ಲ. ಕಾಯ್ದೆಯ 3ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ಒಬ್ಬರು ತಮ್ಮ ಸಮುದಾಯದ ನೈತಿಕ, ಸಾಮಾಜಿಕ, ಸಾಂಸ್ಕೃತಿಕ ಮೌಲ್ಯಗಳಿಗೆ ಒಪ್ಪುವ ಹಾಗೆ ನಡೆಯುತ್ತಿಲ್ಲ ಅನ್ನುವ ಕಾರಣಕ್ಕೆ ಅವರಿಗೆ ಮಾನಸಿಕ ಕಾಯಿಲೆ ಇದೆ ಅಂತ ತೀರ್ಮಾನಿಸುವ ಹಾಗಿಲ್ಲ. ಗಂಡನ ದನಿ ಕೇಳಿಸುವುದನ್ನು ರೋಗ ಅನ್ನಬಾರದು ಅಂತ ತಿಳಿದಿದ್ದ ಅದೇ ಸೈಕಾಲಜಿಸ್ಟ್‌ಗೆ, ಒಬ್ಬಳೇ ಬಾಳುತ್ತೇನೆ ಅನ್ನುವ ವಿಧವೆಯ ಆಸೆ ಲಕ್ಷಣವಾಗಿ ಕಂಡಿತ್ತು. ಮನೆತನದ ಕಡೆಯಿಂದ ನೋಡಿದರೆ ಆ ಆಸೆ ಹಾಗೇ ಕಾಣುತ್ತೆ. ಚಿಕ್ಕಮ್ಮನ ಕಡೆಯಿಂದ ಆತ ನೋಡಲೇ ಇಲ್ಲ. ಈ ಸಾಲನ್ನೂ ದೂರಿಗೆ ಸೇರಿಸಿದೆವು.

ವಿಭಾಗದ ಮುಖ್ಯಸ್ಥರು, ಸೈಕಾಲಜಿಸ್ಟ್, ಚಿಕ್ಕಮ್ಮ, ನಾನು. ದೂರಿನ ಬಗ್ಗೆ ಮಾತಾಡೋಕೆ ಬಾಗಿಲು ಹಾಕಿಕೊಂಡು ಕೂತೆವು. ಮುಖ್ಯಸ್ಥರು ಮರ್ಯಾದೆಯಿಂದಲೇ ಮಾತು ಶುರು ಮಾಡಿದರು. ‘ನೋಡಿ ಅಮ್ಮಾ, ನಮ್ಮ ದೇಶದಲ್ಲಿ ರೋಗಿಯನ್ನು ನೋಡಿಕೊಳ್ಳೋದು ಕುಟುಂಬ. ಕುಟುಂಬವನ್ನು ಹೊರಗಿಟ್ಟು ಚಿಕಿತ್ಸೆ ಮಾಡೋದು ನಮ್ಮ ಸಂಸ್ಕೃತಿ ಅಲ್ಲ’ ಅಂದರು. ಕಾಯ್ದೆಯ ಒಂದು ಅಂಶವನ್ನೂ ಎತ್ತಿದರು. 14ನೇ ಸೆಕ್ಷನ್ ಪ್ರಕಾರ ರೋಗಿ ತನ್ನ ಪ್ರತಿನಿಧಿಯನ್ನು, ಅಂದರೆ ಚಿಕಿತ್ಸೆಯ ನಿರ್ಧಾರಗಳಲ್ಲಿ ತನಗೆ ನೆರವಾಗುವವರನ್ನು, ಬರೆದು ನೇಮಿಸದಿದ್ದರೆ ಹತ್ತಿರದ ಸಂಬಂಧಿಕರನ್ನೇ ಪ್ರತಿನಿಧಿ ಅಂತ ಪರಿಗಣಿಸಬಹುದು. ಹಾಗಾಗಿ ಮಗನಿಗೆ ಹೇಳಿದ್ದು ತಪ್ಪಲ್ಲ ಅನ್ನುವುದು ಅವರ ವಾದ.

ಇದಕ್ಕೆ ನಾನು ತಯಾರಾಗಿ ಹೋಗಿದ್ದೆ. ಚಿಕಿತ್ಸೆಯಲ್ಲಿ ತಿಳಿದ ವಿಷಯವನ್ನು ಗುಟ್ಟಾಗಿ ಇಡಬೇಕು ಅನ್ನುವುದು 23ನೇ ಸೆಕ್ಷನ್. ಅದಕ್ಕೆ ಕೆಲವು ವಿನಾಯಿತಿಗಳಿವೆ. ಜೀವಕ್ಕೆ ಅಪಾಯ ಇದ್ದರೆ, ಬೇರೆಯವರಿಗೆ ಹಾನಿ ಆಗುವ ಹಾಗಿದ್ದರೆ, ಕೋರ್ಟ್ ಆದೇಶ ಇದ್ದರೆ ಹೇಳಬಹುದು. ಪ್ರತಿನಿಧಿಗೂ ಹೇಳಬಹುದು, ಆದರೆ ಅದು ಅವರು ಪ್ರತಿನಿಧಿಯಾಗಿ ಮಾಡಬೇಕಾದ ಕೆಲಸಕ್ಕೆ ಬೇಕಾದದ್ದು ಮಾತ್ರ. ಮಾತ್ರೆ ತಪ್ಪಿಸದ ಹಾಗೆ ನೋಡಿಕೊಳ್ಳಿ ಅಂತ ಹೇಳಿದ್ದರೆ ಸರಿ. ಹಳೆಯ ಮನೆಯ ಮಾತು ಯಾವ ಕೆಲಸಕ್ಕೆ ಬೇಕಿತ್ತು? ಪ್ರತಿನಿಧಿಯನ್ನು ನೇಮಿಸಲು ಆಗಲಿಲ್ಲ ಅಂದ ಮಾತ್ರಕ್ಕೆ ರೋಗಿಗೆ ನಿರ್ಧಾರ ಮಾಡುವ ಶಕ್ತಿ ಇಲ್ಲ ಅಂತ ಅಂದುಕೊಳ್ಳಬಾರದು ಅಂತಲೂ ಅದೇ 14ನೇ ಸೆಕ್ಷನ್‌ನಲ್ಲಿದೆ. ಇದನ್ನೆಲ್ಲ ಹೇಳಿದೆ. ಮುಖ್ಯಸ್ಥರು ಬರೆದುಕೊಂಡರು.

ಆದರೆ ಆ ಕೋಣೆಯಲ್ಲಿ ನನ್ನ ಸೆಕ್ಷನ್‌ಗಳಿಗಿಂತ ಚಿಕ್ಕಮ್ಮನ ಮಾತು ನಾಟಿತು. ಅವರು ಮುಖ್ಯಸ್ಥರ ಕಡೆ ನೋಡಲೇ ಇಲ್ಲ. ಆ ಹುಡುಗನ ಕಡೆ ತಿರುಗಿ ಹೇಳಿದರು. ‘ನನ್ನನ್ನ ಒಂದು ಮಾತು ಕೇಳಬೇಕಿತ್ತಪ್ಪಾ. ಮಗನಿಗೆ ಹೇಳಲಾ ಅಂತ. ನಾನು ಬೇಡ ಅಂತಿರಲಿಲ್ಲವೇನೋ. ಇಲ್ಲ, ನಾನೇ ಹೇಳ್ತೀನಿ ಅಂತಿದ್ದೆನೇನೋ. ಅವನ ಹತ್ತಿರ ಹೇಗೆ ಹೇಳೋದು ಅಂತ ತಿಳ್ಕೊಳ್ಳೋಕೇ ಅಲ್ವಾ ನಾನು ನಿಮ್ಮ ಹತ್ತಿರ ಬರ್ತಿದ್ದದ್ದು?’

ಸೈಕಾಲಜಿಸ್ಟ್ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ‘ನಮ್ಮ ಮನೆಗಳಲ್ಲಿ ಹೀಗೇ ಅಲ್ವಾ ಅಂದುಕೊಂಡೆ ಅಮ್ಮಾ. ಕೇಳಬೇಕು ಅಂತ ಹೊಳೆಯಲೇ ಇಲ್ಲ. ತಪ್ಪಾಯ್ತು’ ಅಂದರು. ಆ ಮಾತು ಮನಸ್ಸಿನಿಂದ ಬಂದದ್ದು ಅಂತ ನನಗನ್ನಿಸಿತು. ಚಿಕ್ಕಮ್ಮನೂ ಹಾಗೇ ಅಂದರು. ಆದರೂ ದೂರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಾಯಿಮಾತಿನ ಕ್ಷಮೆ ಆ ಕೋಣೆಯಲ್ಲೇ ಉಳಿಯುತ್ತೆ, ಬರವಣಿಗೆಯಲ್ಲಿ ಉತ್ತರ ಬೇಕು ಅಂದರು. ಅವರು ಓದಿದ್ದು ಏಳನೇ ಕ್ಲಾಸು.

ನ್ಯೂಜಿಲೆಂಡಿನಲ್ಲಿ ಇರಿಹಾಪೆಟಿ ರಾಮ್ಸ್‌ಡೆನ್ ಅನ್ನುವ ಮಾವೊರಿ ನರ್ಸ್ ಇದ್ದರು. ಆರೈಕೆ ಒಬ್ಬರ ಸಂಸ್ಕೃತಿಗೆ ತಕ್ಕ ಹಾಗೆ ಇತ್ತೋ ಇಲ್ಲವೋ ಅನ್ನುವುದನ್ನು ಆರೈಕೆ ಪಡೆದವರು ಹೇಳಬೇಕು, ಕೊಟ್ಟವರಲ್ಲ ಅಂತ ಅವರು ಪಟ್ಟು ಹಿಡಿದರು. 1990ರ ದಶಕದಲ್ಲಿ ಅಲ್ಲಿನ ನರ್ಸಿಂಗ್ ಶಿಕ್ಷಣದಲ್ಲಿ ಅದು ಪಾಠವಾಯಿತು. ನಮ್ಮ ಆ ಸಭೆಯಲ್ಲಿ ಸಂಸ್ಕೃತಿ ಅನ್ನುವ ಮಾತನ್ನು ಮತ್ತೆ ಮತ್ತೆ ಆಡಿದವರು ಮುಖ್ಯಸ್ಥರು. ಆ ಆರೈಕೆಯಲ್ಲಿ ಎಲ್ಲಿ ನೋವಾಯಿತು ಅಂತ ಹೇಳಬಲ್ಲವರು ಚಿಕ್ಕಮ್ಮ ಒಬ್ಬರೇ.

ಸಭೆ ಮುಗಿಯುವ ಮೊದಲು ಚಿಕ್ಕಮ್ಮ ಒಂದು ಬಿಳಿ ಹಾಳೆ ಕೇಳಿದರು. ತಮ್ಮ ಪ್ರತಿನಿಧಿ ಯಾರು ಅಂತ ಅಲ್ಲೇ ಬರೆದುಕೊಡ್ತೀನಿ ಅಂದರು. ಅದಕ್ಕೆ ಸಾದಾ ಕಾಗದ, ಸಹಿ ಸಾಕು. ಪ್ರತಿನಿಧಿಯಾಗುವವರ ಒಪ್ಪಿಗೆಯೂ ಬರವಣಿಗೆಯಲ್ಲಿ ಬೇಕು. ನನ್ನ ಹೆಸರು ಬರೆಯುತ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವರು ಬರೆದದ್ದು ಸೊಸೆಯ ಹೆಸರು. ಮುಖ್ಯಸ್ಥರು ತಲೆ ಎತ್ತಿ ನೋಡಿದರು. ‘ಅವಳು ನನ್ನ ಮಾತು ಅವನಿಗೆ ದಾಟಿಸಲ್ಲ. ಇಷ್ಟು ವರ್ಷದಲ್ಲಿ ದಾಟಿಸಿಲ್ಲ’ ಅಂದರು ಚಿಕ್ಕಮ್ಮ. ನನಗೂ ಅದು ಗೊತ್ತಿರಲಿಲ್ಲ. ಮಾರನೆಯ ದಿನ ಸೊಸೆ ಬಂದು ಒಪ್ಪಿಗೆ ಬರೆದುಕೊಟ್ಟಳು.

ಕೆಲವು ವಾರಗಳ ಮೇಲೆ ಆಸ್ಪತ್ರೆಯಿಂದ ಲಿಖಿತ ಉತ್ತರ ಬಂತು. ಒಪ್ಪಿಗೆ ಇಲ್ಲದೆ ಮಾಹಿತಿ ಹೊರಗೆ ಹೋಗಿದ್ದನ್ನು ಒಪ್ಪಿಕೊಂಡಿದ್ದರು. ಫೈಲಿನ ಆ ಸಾಲನ್ನು ಅಳಿಸಲಿಲ್ಲ. ಅದು ಲಕ್ಷಣವಲ್ಲ ಅಂತ ಪಕ್ಕದಲ್ಲಿ ತಾರೀಖು ಹಾಕಿ ಟಿಪ್ಪಣಿ ಬರೆದರು. ಹಾಗೇ ಆಗಬೇಕು ಅಂತ ನನಗೂ ಅನ್ನಿಸುತ್ತೆ. ಅಳಿಸಿದ್ದರೆ ತಪ್ಪು ನಡೆದದ್ದೇ ಕಾಣುತ್ತಿರಲಿಲ್ಲ. ಚಿಕ್ಕಮ್ಮ ಈಗ ಬೇರೆ ಸೈಕಾಲಜಿಸ್ಟ್ ಹತ್ತಿರ ಹೋಗುತ್ತಿದ್ದಾರೆ. ಮಾತ್ರೆ ಮತ್ತೆ ಶುರುವಾಗಿದೆ. ಹಳೆಯ ಮನೆಯ ವಿಷಯವನ್ನು ಮಗನ ಹತ್ತಿರ ಅವರೇ ಮಾತಾಡಿದರು. ಅದು ಇನ್ನೂ ಇತ್ಯರ್ಥ ಆಗಿಲ್ಲ.

ಉತ್ತರದಲ್ಲಿ ಇನ್ನೊಂದು ಭರವಸೆ ಇತ್ತು. ಯಾರಿಗೆ, ಏನು, ಎಷ್ಟು ಹೇಳಬಹುದು ಅಂತ ಪ್ರತಿ ರೋಗಿಯನ್ನೂ ಮೊದಲ ದಿನವೇ ಕೇಳುವ ಕನ್ನಡದ ಫಾರಂ ಮಾಡ್ತೀವಿ ಅಂದಿದ್ದರು. ಅದು ಇನ್ನೂ ಬಂದಿಲ್ಲ. ಹೋದಾಗಲೆಲ್ಲ ಚಿಕ್ಕಮ್ಮ ಕೌಂಟರಿನಲ್ಲಿ ಕೇಳುತ್ತಾರೆ. ಆಸ್ಪತ್ರೆಯ ಉತ್ತರ ತೃಪ್ತಿ ಕೊಡದಿದ್ದರೆ 28ನೇ ಸೆಕ್ಷನ್ ಪ್ರಕಾರ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬಹುದು, ಅಲ್ಲಿಂದ ಮುಂದೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ. ಮಂಡಳಿಗೆ ಕೊಡುವ ಅರ್ಜಿಯನ್ನು ಈ ವಾರ ಬರೆದು ಮುಗಿಸಿದೆ. ಫಾರಂ ಯಾವ ತಾರೀಖಿನೊಳಗೆ ಬರುತ್ತೆ, ಅದಕ್ಕೆ ಜವಾಬ್ದಾರಿ ಯಾರದು ಅಂತ ಹೆಸರು ಹಿಡಿದು ಕೇಳಿದ್ದೇವೆ. ಚಿಕ್ಕಮ್ಮ ಓದಿಸಿಕೊಂಡು ಸಹಿ ಹಾಕಿದ್ದಾರೆ.