ಆಟ ಮುಗೀತು ಅಂತ ಯಾರು ಹೇಳ್ಬೇಕು?

ಸೀರಿಯಲ್ ಹೆಂಗೆ ಮುಗಿಯುತ್ತೆ ಅಂತ ಎಲ್ರಿಗೂ ಗೊತ್ತು. ವಿಲನ್ ಅತ್ತೆ ಕಣ್ಣೀರು ಹಾಕ್ಕೊಂಡು ಒಳ್ಳೆಯವಳಾಗ್ತಾಳೆ, ಒಂದು ಸೀಮಂತನೋ ನಾಮಕರಣನೋ ಇರುತ್ತೆ, ಎಲ್ರೂ ಸಾಲಾಗಿ ನಿಂತು ಕ್ಯಾಮೆರಾಗೆ ಕೈ ಮುಗೀತಾರೆ, ಅಷ್ಟೇ. ಆದ್ರೆ ಗೇಮ್ ಶೋ? ಮುಗಿಸೋಕೆ ಅದ್ರಲ್ಲಿ ಕಥೆನೇ ಇಲ್ವಲ್ಲ. ಆಟ ದಿನಾ ಮುಗಿಯುತ್ತೆ, ಒಬ್ರು ಗೆದ್ದು ಚೆಕ್ ಹಿಡ್ಕೊಂಡು ಹೋಗ್ತಾರೆ, ಇನ್ನೊಬ್ರು ಪೆಚ್ಚು ಮೋರೆ ಹಾಕ್ಕೊಂಡು ಹೋಗ್ತಾರೆ, ನಾಳೆ ಮತ್ತೆ ಮೊದಲನೇ ಪ್ರಶ್ನೆಯಿಂದ ಶುರು. ಇಂಥದ್ದನ್ನ ಒಂದಿನ ಪೂರ್ತಿ ನಿಲ್ಲಿಸ್ಬೇಕು ಅಂದ್ರೆ ಆ ಕೊನೇ ಎಪಿಸೋಡಲ್ಲಿ ಏನ್ ಮಾಡ್ತಾರೆ ಅನ್ನೋದು ನನಗೆ ಯಾವಾಗ್ಲೂ ಒಂಥರಾ ಕುತೂಹಲ. ಇತ್ತೀಚೆಗೆ ರಾತ್ರಿ ಊಟ ಆದ್ಮೇಲೆ ಯೂಟ್ಯೂಬಲ್ಲಿ ಇದೇ ಕೆಲ್ಸ, ಹಳೇ ಶೋಗಳ ಕೊನೇ ಎಪಿಸೋಡ್ ಹುಡುಕಿ ಹುಡುಕಿ ನೋಡೋದು. ಮನೇಲಿ ಇವನಿಗೇನೋ ಆಗಿದೆ ಅಂತ ಅಂದ್ಕೊಂಡಿದಾರೆ.

ಮೊದ್ಲು ಒಂದ್ ವಿಷ್ಯ, ಎಷ್ಟೋ ಗೇಮ್ ಶೋಗಳಿಗೆ ಬೀಳ್ಕೊಡುಗೆ ಅನ್ನೋದೇ ಇರಲ್ಲ. ಕಾರಣ ಸಿಂಪಲ್, ಇವನ್ನ ದಿನಕ್ಕೊಂದು ಅಂತ ಶೂಟ್ ಮಾಡಲ್ಲ. ಅಮೆರಿಕದ ಜೆಪರ್ಡಿ ಅನ್ನೋ ಕ್ವಿಜ್ ಶೋನೇ ತಗೊಳ್ಳಿ, ಒಂದೇ ದಿನದಲ್ಲಿ ಐದು ಎಪಿಸೋಡ್, ಅಂದ್ರೆ ಇಡೀ ವಾರದ ಸರಕು, ಮಧ್ಯೆ ಮಧ್ಯೆ ಹೋಸ್ಟ್ ಒಳಗೆ ಹೋಗಿ ಕೋಟು ಟೈ ಬದಲಾಯಿಸ್ಕೊಂಡು ಬರ್ತಾರೆ, ನಮಗೆ ಅದು ಸೋಮವಾರ ಮಂಗಳವಾರ ಅಂತ ಕಾಣುತ್ತೆ ಅಷ್ಟೇ. ಹಿಂಗೆ ವಾರಗಟ್ಟಲೆ ಮುಂಚೆ ಶೂಟ್ ಮಾಡಿ ಇಟ್ಟಿರೋವಾಗ ಚಾನೆಲ್ನೋರು ಸಡನ್ನಾಗಿ ಇನ್ನು ಸಾಕು ಅಂದ್ರೆ, ಯಾವ್ದೋ ಒಂದು ಮಾಮೂಲಿ ಎಪಿಸೋಡೇ ಕೊನೇದಾಗಿಬಿಡುತ್ತೆ. ಹೋಸ್ಟ್ ಪಾಪ "ನಾಳೆ ಸಿಗೋಣ" ಅಂತ ನಗ್ತಾ ಕೈ ಬೀಸಿರ್ತಾರೆ, ಆ ನಾಳೆ ಬರೋದೇ ಇಲ್ಲ. 1958ರಲ್ಲಿ ಅಮೆರಿಕದಲ್ಲಿ ಕ್ವಿಜ್ ಶೋಗಳ ಹಗರಣ ಆಯ್ತಲ್ಲ, ಸ್ಪರ್ಧಿಗಳಿಗೆ ಮೊದ್ಲೇ ಉತ್ತರ ಕೊಟ್ಟು ಆಡಿಸ್ತಿದ್ರು ಅಂತ, ಆಗ ಡಾಟ್ಟೋ ಅನ್ನೋ ಶೋನ ಆಗಸ್ಟ್ ತಿಂಗಳ ಒಂದು ಶುಕ್ರವಾರ ಹಾಕಿದ್ರು, ಸೋಮವಾರ ಅದೇ ಟೈಮಿಗೆ ಟಾಪ್ ಡಾಲರ್ ಅಂತ ಬೇರೆ ಶೋ. ಒಂದು ಮಾತಿಲ್ಲ ಕಥೆಯಿಲ್ಲ. ನಮ್ಮ ಚಾನೆಲ್ಗಳೂ ಏನ್ ಕಮ್ಮಿ ಇಲ್ಲ ಬಿಡಿ, ಈ ವಾರ ಶೋ ನಡೀತಿರುತ್ತೆ, ಕೆಳಗಡೆ ಪಟ್ಟಿಲಿ "ಇದೇ ಸೋಮವಾರದಿಂದ ಹೊಚ್ಚ ಹೊಸ ಧಾರಾವಾಹಿ" ಅಂತ ಓಡ್ತಿರುತ್ತೆ, ಟೈಮ್ ನೋಡಿದ್ರೆ ಅದೇ ಟೈಮು. ನಾವೇ ಅರ್ಥ ಮಾಡ್ಕೋಬೇಕು.

ನಾನು ನೋಡಿದ್ರಲ್ಲಿ ನಂಬರ್ ಒನ್ ಬೀಳ್ಕೊಡುಗೆ ಅಂದ್ರೆ ವಾಟ್ಸ್ ಮೈ ಲೈನ್. 1950ರಿಂದ 1967ರವರೆಗೆ, ಹದಿನೇಳು ವರ್ಷ ಸಿಬಿಎಸ್ ಚಾನೆಲಲ್ಲಿ ಭಾನುವಾರ ರಾತ್ರಿ ಬರ್ತಿತ್ತು. ಆಟ ಇಷ್ಟೇ: ಯಾರೋ ಒಬ್ರು ಬಂದು ಕೂರ್ತಾರೆ, ಅವ್ರು ಏನ್ ಕೆಲ್ಸ ಮಾಡ್ತಾರೆ ಅಂತ ನಾಲ್ಕು ಜನ ಪ್ಯಾನೆಲ್ನೋರು ಹೌದು ಇಲ್ಲ ಅನ್ನೋ ಥರದ ಪ್ರಶ್ನೆ ಮಾತ್ರ ಕೇಳಿ ಕಂಡುಹಿಡೀಬೇಕು. ಒಂದೊಂದು "ಇಲ್ಲ"ಕ್ಕೂ ಹೋಸ್ಟ್ ಜಾನ್ ಡೇಲಿ ಮುಂದಿರೋ ಕಾರ್ಡ್ ತಿರುಗಿಸ್ತಾರೆ, ಒಂದ್ ಕಾರ್ಡಿಗೆ ಐದು ಡಾಲರ್, ಹತ್ತು ಕಾರ್ಡ್ ತಿರುಗಿದ್ರೆ ಐವತ್ತು ಡಾಲರ್, ಅದೇ ದೊಡ್ಡ ಬಹುಮಾನ. ಇವತ್ತಿನ ಕೋಟಿ ಲೆಕ್ಕದಲ್ಲಿ ನಗು ಬರುತ್ತೆ. ಕೊನೆಗೆ ಒಬ್ರು ಮಿಸ್ಟರಿ ಗೆಸ್ಟ್, ದೊಡ್ಡ ಸೆಲೆಬ್ರಿಟಿ, ಅವ್ರು ಬಂದಾಗ ಪ್ಯಾನೆಲ್ನೋರು ಕಣ್ಣಿಗೆ ಪಟ್ಟಿ ಕಟ್ಕೊಂಡಿರ್ಬೇಕು, ಗೆಸ್ಟ್ ದನಿ ಬದಲಾಯಿಸ್ಕೊಂಡು ಉತ್ತರ ಹೇಳ್ತಾರೆ.

1967ರ ಸೆಪ್ಟೆಂಬರ್ 3, ಕೊನೇ ಶೋ. ಕಣ್ಣಿಗೆ ಪಟ್ಟಿ ಕಟ್ಟಿದ್ದಾಯ್ತು. ಮಿಸ್ಟರಿ ಗೆಸ್ಟ್ ಯಾರು ಅಂದ್ರೆ ಜಾನ್ ಡೇಲಿನೇ! ಹದಿನೇಳು ವರ್ಷ ಬೇರೆಯವ್ರ ಗುಟ್ಟು ಕಾಯ್ತಾ ಕೂತಿದ್ದ ಮನುಷ್ಯ, ಅವತ್ತು ತಾನೇ ಗುಟ್ಟು. ಹೋಸ್ಟೂ ಅವ್ರೇ ಗೆಸ್ಟೂ ಅವ್ರೇ, ಒಂದ್ಸಲ ತಮ್ಮ ಮಾಮೂಲಿ ಗಂಭೀರ ದನಿಲಿ ಆಟ ನಡೆಸೋದು, ಇನ್ನೊಂದ್ಸಲ ಆ ಕಳ್ಳ ದನಿಲಿ ಉತ್ತರ ಕೊಡೋದು. ಇದ್ರಲ್ಲಿ ನನಗೆ ಇಷ್ಟ ಆಗೋದೇನು ಅಂದ್ರೆ, ಭಾಷಣ ಮಾಡಿ ಹೇಳ್ಬಹುದಾಗಿದ್ದನ್ನೆಲ್ಲ ಅವ್ರು ಆಟದೊಳಗೇ ಹೇಳ್ಬಿಟ್ರು. ಅವತ್ತು ಆಟ ಆಟದ ಥರನೇ ನಡೀತು, ರೂಲ್ಸ್ ಬದಲಾಗ್ಲಿಲ್ಲ. ಪ್ಯಾನೆಲ್ನೋರು ಕಂಡುಹಿಡಿದ ಮೇಲೆ ಇನ್ನೇನು ಉಳಿದಿತ್ತು ಹೇಳೋಕೆ? (ಮುಂದಿನ ವರ್ಷವೇ ಬೇರೆ ಹೋಸ್ಟ್ ಇಟ್ಕೊಂಡು ಅದೇ ಹೆಸರಲ್ಲಿ ಮತ್ತೆ ಶುರು ಮಾಡಿದ್ರು ಅನ್ನೋದು ಬೇರೆ ಮಾತು. ಟೀವಿಯೋರಿಗೆ ಯಾವ್ದನ್ನೂ ಸಾಯೋಕೆ ಬಿಡೋ ಅಭ್ಯಾಸ ಇಲ್ಲ.)

ಇನ್ನೊಂದು ಅಲೆಕ್ಸ್ ಟ್ರೆಬೆಕ್ ಅವ್ರದ್ದು. 1984ರಿಂದ ಜೆಪರ್ಡಿ ನಡೆಸ್ತಿದ್ರು, 8,000ಕ್ಕೂ ಜಾಸ್ತಿ ಎಪಿಸೋಡ್. 2019ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ನಾಲ್ಕನೇ ಸ್ಟೇಜ್ ಅಂತ ಗೊತ್ತಾಯ್ತು, ಅವ್ರೇ ಜನಕ್ಕೆ ಹೇಳಿದ್ರು, ಆದ್ರೂ ಶೂಟಿಂಗ್ ಬಿಡ್ಲಿಲ್ಲ. ಕೊನೇ ಶೂಟಿಂಗ್ 2020ರ ಅಕ್ಟೋಬರ್ 29ಕ್ಕೆ, ಹತ್ತು ದಿನ ಆದ್ಮೇಲೆ ನವೆಂಬರ್ 8ಕ್ಕೆ ಹೋಗ್ಬಿಟ್ರು. ಶೂಟ್ ಮಾಡಿಟ್ಟ ಎಪಿಸೋಡ್ಗಳು ಮಾತ್ರ ಆಮೇಲೂ ಪ್ರಸಾರ ಆಗ್ತಾನೇ ಇದ್ವು, ಕೊನೇದು ಬಂದಿದ್ದು 2021ರ ಜನವರಿ 8ಕ್ಕೆ. ಅಂದ್ರೆ ಎರಡು ತಿಂಗಳು ಜನ ದಿನಾ ಸಂಜೆ ತೀರಿಹೋದ ಮನುಷ್ಯನ ಜೊತೆ ಕ್ವಿಜ್ ಆಡಿದಾರೆ, ಯೋಚ್ನೆ ಮಾಡಿ. ಆ ಕೊನೇ ವಾರದ ಸೋಮವಾರ ಅವ್ರು ಶುರುವಿನಲ್ಲೇ ಎರಡು ಮಾತಾಡ್ತಾರೆ, ಕೊರೊನಾದಿಂದ ಕಷ್ಟದಲ್ಲಿರೋವ್ರಿಗೆ ಕೈಲಾದಷ್ಟು ಸಹಾಯ ಮಾಡಿ ಅಂತ, ತನ್ನ ಬಗ್ಗೆ ಅಲ್ಲ. ಶುಕ್ರವಾರದ ಎಪಿಸೋಡಲ್ಲಂತೂ ವಿದಾಯ ಅನ್ನೋ ಸುಳಿವೇ ಇಲ್ಲ, ವಾಪಸ್ ಬರ್ತೀನಿ ಅನ್ನೋ ಥರನೇ ಆಡಿಸಿದಾರೆ, ತಪ್ಪು ಉತ್ತರ ಕೊಟ್ಟೋರಿಗೆ ಅದೇ ಮೇಷ್ಟ್ರ ಥರದ "ಅಯ್ಯೋ ಅಲ್ಲ". ಶೋ ಮುಗಿದ ಮೇಲೆ ಟೀಮ್ನೋರು ಒಂದೂವರೆ ನಿಮಿಷದ ಒಂದು ಚಿಕ್ಕ ವಿಡಿಯೋ ಸೇರಿಸಿದ್ರು, ಅಷ್ಟೇ. ಅದನ್ನ ಅರ್ಧ ಗಂಟೆ ಎಳೀಬಹುದಿತ್ತು, ಎಳೀಲಿಲ್ಲ.

ಬಾಬ್ ಬಾರ್ಕರ್ 2007ರಲ್ಲಿ ದಿ ಪ್ರೈಸ್ ಈಸ್ ರೈಟ್ ಬಿಟ್ಟಾಗ್ಲೂ ಹಂಗೇ. 35 ವರ್ಷ ಮಾಡಿದ ಶೋ. ಅವ್ರಿಗೆ ಒಂದು ಮಾಮೂಲಿ ಮಾತಿತ್ತು, ನಿಮ್ಮ ನಾಯಿ ಬೆಕ್ಕುಗಳಿಗೆ ಸಂತಾನಹರಣ ಮಾಡ್ಸಿ ಅಂತ, ಜೂನ್ 15ರ ಕೊನೇ ಎಪಿಸೋಡಲ್ಲೂ ಅದನ್ನೇ ಹೇಳಿ ಹೋದ್ರು. ನಮ್ಮ ತುಮಕೂರಿನ ಬಟವಾಡಿ ಕಡೆ ಬೀದಿ ನಾಯಿಗಳನ್ನ ನೋಡಿದ್ರೆ ಇಲ್ಲೂ ಯಾರಾದ್ರೂ ದಿನಾ ಟೀವಿಲಿ ಅದನ್ನ ಹೇಳ್ಬೇಕು ಅನ್ಸುತ್ತೆ, ಇರ್ಲಿ. ಪ್ಯಾಟ್ ಸೇಜಾಕ್ 2024ರ ಜೂನಲ್ಲಿ ವೀಲ್ ಆಫ್ ಫಾರ್ಚೂನ್ ಬಿಟ್ಟಾಗ ಭಾಷಣನೇ ಮಾಡಿದ್ರು, 1981ರಿಂದ ಇದ್ದವ್ರು, ಹಕ್ಕಿದೆ, ಚೆನ್ನಾಗೂ ಮಾತಾಡಿದ್ರು. ಆದ್ರೆ ಎಷ್ಟೇ ಆದ್ರೂ ಅದು ವಂದನಾರ್ಪಣೆ. ನಮ್ಮೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ವಂದನಾರ್ಪಣೆ ಶುರುವಾದ ತಕ್ಷಣ ಹಿಂದಿನ ಸಾಲಿನೋರು ಚಪ್ಪಲಿ ಹುಡುಕ್ತಾರಲ್ಲ, ನನಗೂ ಹಂಗೇ ಕೈ ತಾನಾಗೇ ಫಾರ್ವರ್ಡ್ ಬಟನ್ ಕಡೆ ಹೋಯ್ತು.

ಈಗ ನಮ್ಮ ಕಡೆ ಬರೋಣ. ಇಲ್ಲಿ ಕ್ಯಾತ್ಸಂದ್ರದಲ್ಲಿರೋ ನಮ್ಮ ದೊಡ್ಡಮ್ಮನ್ನ ಬಿಟ್ಟು ಈ ವಿಷ್ಯ ಬರೆಯೋಕೇ ಆಗಲ್ಲ. ಹಿಂದಿ ಅರ್ಧಂಬರ್ಧ, ಆದ್ರೆ ಕೆಬಿಸಿ, ಅಂದ್ರೆ ಕೌನ್ ಬನೇಗಾ ಕರೋಡ್‌ಪತಿ, 2000ನೇ ಇಸವಿಲಿ ಶುರುವಾದಾಗಿಂದ ನೋಡ್ತಿದಾರೆ. ಅವರೆಕಾಯಿ ಸೀಜನಲ್ಲಿ ನೆನೆಸಿದ ಕಾಳಿನ ಪಾತ್ರೆ ತೊಡೆ ಮೇಲೆ ಇಟ್ಕೊಂಡು, ಕಣ್ಣು ಟೀವಿ ಮೇಲೆ, ಕೈ ಅದರ ಪಾಡಿಗೆ ಅದು ಹಿತುಕ್ತಾ ಇರುತ್ತೆ, ಹೆಬ್ಬೆರಳು ತೋರುಬೆರಳು ಮಧ್ಯೆ ಒಂದು ಒತ್ತು, ಬೇಳೆ ಪಿಚಕ್ ಅಂತ ಪಾತ್ರೆಗೆ, ಸಿಪ್ಪೆ ಪಕ್ಕದ ಪೇಪರಿಗೆ. ಪ್ರಶ್ನೆ ಕಷ್ಟ ಇದ್ರೆ ಹಿತುಕೋದು ನಿಲ್ಲುತ್ತೆ. ಅಮಿತಾಬ್ "ಲಾಕ್" ಅಂದ್ಮೇಲೆ ಮತ್ತೆ ಶುರು. 2023ರ ಡಿಸೆಂಬರ್ ಕೊನೇಲಿ ಸೀಜನ್ ಮುಗಿಯೋ ದಿನ ಅಮಿತಾಬ್ ಕಣ್ಣಲ್ಲಿ ನೀರು ತುಂಬ್ಕೊಂಡು ಇನ್ನು ಹೋಗ್ತಿದೀನಿ, ನಾಳೆಯಿಂದ ಈ ವೇದಿಕೆ ಇರಲ್ಲ ಅನ್ನೋ ಥರ ಮಾತಾಡಿದ್ರಲ್ಲ, ವಾಟ್ಸಾಪಲ್ಲೆಲ್ಲ ಅಮಿತಾಬ್ ಕೆಬಿಸಿ ಬಿಟ್ರು ಅಂತ ಹರಿದಾಡ್ತು. ದೊಡ್ಡಮ್ಮ ನಿಜವಾಗ್ಲೂ ಅತ್ರು. "ವಯಸ್ಸಾಯ್ತು ಕಣೋ ಪಾಪ, ಎಷ್ಟು ದಿನ ಅಂತ ಕೂರ್ತಾರೆ ಆ ಕುರ್ಚಿ ಮೇಲೆ" ಅಂದ್ರು. 2024ರ ಆಗಸ್ಟಿಗೆ ಅದೇ ಕುರ್ಚಿ, ಅದೇ ಅಮಿತಾಬ್, ಹೊಸ ಸೀಜನ್. ನಾನು ಫೋನ್ ಮಾಡಿ ರೇಗಿಸಿದ್ದಕ್ಕೆ "ಬಂದ್ರಲ್ಲ ಬಿಡು, ನಾನ್ ಅತ್ತಿದ್ದು ದಂಡ ಆಗ್ಲಿಲ್ಲ" ಅಂತ ಒಂದೇ ಮಾತು.

ನಮ್ಮ ಸುದೀಪ್ ಅವ್ರದ್ದೂ ಅದೇ ಕಥೆ ತಾನೇ. ಬಿಗ್ ಬಾಸ್ ಕ್ವಿಜ್ ಅಲ್ಲ ಸರಿ, ಆದ್ರೆ ಆಟನೇ. 2013ರಿಂದ ನಡೆಸ್ಕೊಂಡು ಬಂದವ್ರು 2024ರ ಅಕ್ಟೋಬರಲ್ಲಿ ಹನ್ನೊಂದನೇ ಸೀಜನ್ನೇ ನನ್ನ ಕೊನೇದು ಅಂದ್ರು, 2025ರ ಜನವರಿ ಫಿನಾಲೆನ ಜನ ಭಾರವಾದ ಮನಸ್ಸಲ್ಲೇ ನೋಡಿದ್ರು, ಜೂನ್ ಮುಗಿಯೋಷ್ಟರಲ್ಲಿ ಪ್ರೆಸ್ ಮೀಟ್, ಮತ್ತೆ ಅವ್ರೇ ಅಂತ. ನನಗೇನ್ ಬೇಜಾರಿಲ್ಲ, ಅವ್ರಿಲ್ದೆ ಶನಿವಾರದ ಪಂಚಾಯಿತಿ ಊಹಿಸ್ಕೊಳ್ಳೋಕೂ ಆಗಲ್ಲ. ಇದು ನಮ್ಮ ಜಿಲ್ಲೆಯೋರಿಗೆ ಹೊಸದೂ ಅಲ್ಲ. ಕಂಪನಿ ನಾಟಕದೋರು ಊರಿಗೆ ಬಂದ್ರೆ "ಇಂದೇ ಕೊನೆಯ ಪ್ರಯೋಗ" ಅಂತ ಬೋರ್ಡ್ ಹಾಕ್ತಿದ್ರು, ಆಟೋದಲ್ಲಿ ಮೈಕ್ ಕಟ್ಕೊಂಡು ಕೂಗ್ತಿದ್ರು, ಅವತ್ತು ಟೆಂಟ್ ಫುಲ್. ಮಾರನೇ ದಿನ ಅದೇ ಆಟೋ, "ಅಭಿಮಾನಿಗಳ ಒತ್ತಾಯದ ಮೇರೆಗೆ ಇನ್ನೂ ಒಂದು ವಾರ". ಯಾರೂ ಮೋಸ ಹೋದ್ವಿ ಅಂತ ಬೈತಿರ್ಲಿಲ್ಲ, ಇನ್ನೊಂದ್ಸಲ ಟಿಕೆಟ್ ತಗೊಂಡು ಹೋಗ್ತಿದ್ರು.

ಕೆಬಿಸಿಗೆ ಉಲ್ಟಾ ಅನುಭವನೂ ಇದೆ. 2005ರಲ್ಲಿ ಎರಡನೇ ಸೀಜನ್ ನಡೀತಿರೋವಾಗ ಅಮಿತಾಬ್ಗೆ ಹುಷಾರು ತಪ್ಪಿ ಆಸ್ಪತ್ರೆ ಸೇರಿದ್ರು, 2006ರ ಶುರುವಿನಲ್ಲಿ ಶೋ ಅರ್ಧಕ್ಕೇ ನಿಂತ್ಹೋಯ್ತು. 2007ರಲ್ಲಿ ಶಾರುಖ್ ಬಂದ್ರು. ದೊಡ್ಡಮ್ಮ ಆ ಸೀಜನ್ ಬಗ್ಗೆ ಮಾತೇ ಆಡಲ್ಲ.

ಕನ್ನಡದ ಕೋಟ್ಯಧಿಪತಿ ಬಗ್ಗೆ ಬರೀಬೇಕಾ ಬೇಡ್ವಾ ಅಂತ ಯೋಚಿಸಿದೆ. 2012ರಲ್ಲಿ ಸುವರ್ಣ ಚಾನೆಲಲ್ಲಿ ಅಪ್ಪು ಶುರು ಮಾಡಿದ್ರು, ಆಮೇಲೆ ಒಂದು ಸೀಜನ್ ರಮೇಶ್ ಅರವಿಂದ್ ನಡೆಸಿದ್ರು, 2019ರಲ್ಲಿ ಕಲರ್ಸ್ ಕನ್ನಡಕ್ಕೆ ಬಂದಾಗ ಮತ್ತೆ ಅಪ್ಪು. ಆ 2019ರ ಸೀಜನ್ ಮುಗಿದಾಗ ಅದು ಸೀಜನ್ ಮುಗಿದಿದ್ದು ಅಷ್ಟೇ, ಮುಂದಿನ ಸಲ ಸಿಗೋಣ ಅನ್ನೋ ಹಾಗೆ. 2021ರ ಅಕ್ಟೋಬರ್ 29 ಆದ್ಮೇಲೆ ಆ ಕ್ಲಿಪ್ಪುಗಳನ್ನ ಹಾಕ್ಕೊಂಡು ಹಿಂದೆ ದುಃಖದ ಮ್ಯೂಸಿಕ್ ಸೇರಿಸಿರೋ ವಿಡಿಯೋಗಳು ಸಾವಿರ ಇವೆ, ನನಗೆ ಅವು ಬೇಡ. ಮ್ಯೂಸಿಕ್ ಇಲ್ದಿರೋ ಮಾಮೂಲಿ ಎಪಿಸೋಡ್ ಹಾಕ್ಕೊಂಡು ನೋಡಿ. ಹಾಟ್ ಸೀಟಲ್ಲಿ ಕೂತ ಹಳ್ಳಿ ಹೆಣ್ಮಗಳ ಕೈ ನಡುಗ್ತಾ ಇರುತ್ತೆ, ಅಪ್ಪು ಪ್ರಶ್ನೆ ಬಿಟ್ಟು ಮನೆ ವಿಷ್ಯ ಮಾತಾಡಿಸ್ತಾ ಕೂರ್ತಾರೆ, ಆಕೆ ನಗೋವರೆಗೂ ಮುಂದಿನ ಪ್ರಶ್ನೆಗೆ ಹೋಗಲ್ಲ.

ಉಳಿದಿರೋದು ಥಟ್ ಅಂತ ಹೇಳಿ. ಚಂದನದಲ್ಲಿ 2002ರ ಜನವರಿಲಿ ಶುರುವಾಗಿದ್ದು, ಡಾ. ನಾ. ಸೋಮೇಶ್ವರ ಅವ್ರೇ ನಡೆಸ್ಕೊಂಡು ಬಂದಿದ್ದು, ಸಾವಿರಾರು ಎಪಿಸೋಡ್ ದಾಟಿದೆ. ಕೋಟಿ ಇಲ್ಲ, ಹೂಟರ್ ಇಲ್ಲ, ಬಹುಮಾನ ಅಂದ್ರೆ ಕನ್ನಡ ಪುಸ್ತಕ. ಇದ್ರ ಕೊನೇ ಎಪಿಸೋಡ್ ಹೆಂಗಿರ್ಬೇಕು ಅಂತ ದೊಡ್ಡಮ್ಮನ್ನ ಕೇಳಿದ್ರೆ "ಬಿಡ್ತು ಅನ್ನು" ಅಂತ ಬೈದ್ರು. ನಿಲ್ಲೋದು ಬೇಡ ಸರಿ, ಆದ್ರೂ ಒಂದ್ವೇಳೆ ನಿಂತ್ರೆ ನನಗೆ ಹಾರ ಬೇಡ, ಮಂತ್ರಿಗಳು ಬೇಡ, ಹಳೇ ಕ್ಲಿಪ್ಪು ಜೋಡಿಸಿ ಅಳಿಸೋದೂ ಬೇಡ. ಎಂದಿನ ಹಾಗೆ ಸ್ಪರ್ಧಿಗಳು ಬರ್ಲಿ, ಎಂದಿನ ಪ್ರಶ್ನೆ ಎಂದಿನ ಪುಸ್ತಕ. ಕೊನೇ ಪ್ರಶ್ನೆ ಮಾತ್ರ, ಆ ಡೇಲಿ ಥರ, ಸೋಮೇಶ್ವರ ಅವ್ರನ್ನ ಸ್ಪರ್ಧಿಗಳ ಕಡೆ ಕೂರಿಸಿ ಅವ್ರಿಗೇ ಕೇಳ್ಲಿ, ಸರಿಯಾಗಿ ಹೇಳಿದ್ರೆ ಒಂದು ಪುಸ್ತಕ ಕೊಟ್ಟು ಕಳಿಸ್ಲಿ.

"ತಪ್ಪು ಹೇಳಿದ್ರೋ?" ಅಂದ್ರು ದೊಡ್ಡಮ್ಮ.

ತಪ್ಪು ಹೇಳಿದ್ರೆ ಪುಸ್ತಕ ಇಲ್ಲ ಅಂದೆ. ರೂಲ್ಸ್ ಅಂದ್ರೆ ರೂಲ್ಸು.