ರಿಜಿಸ್ಟರ್ ಔಟ್

ಮಂಡ್ಯದ ಪೇಟೆ ಬೀದಿ ಹತ್ತಿರ ನಮ್ಮದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ತಿಥಿ ಕಾರ್ಡು, ಫ್ಲೆಕ್ಸು. ಅಪ್ಪನ ಕಾಲದಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ನಾನು ಕೂತ ಮೇಲೆ ಕಂಪ್ಯೂಟರ್ ಬಂತು. ಖಗೋಳಕ್ಕೂ ನನಗೂ ಇದ್ದ ಸಂಬಂಧ ಅಂದರೆ ಪಂಚಾಂಗದ ಪುಟಗಳನ್ನು ಟೈಪ್ ಮಾಡಿದ್ದು, ಅಷ್ಟೇ.

ಹೋದ ವರ್ಷ ಫೆಬ್ರವರಿಯಲ್ಲಿ ಒಬ್ಬರು ಮೇಷ್ಟ್ರು ಬಂದರು. 28ಕ್ಕೆ ವಿಜ್ಞಾನ ದಿನ, ಶಾಲೆಗೆ ಎಂಟಡಿ ಉದ್ದದ ಫ್ಲೆಕ್ಸ್ ಬೇಕಂತೆ. ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದರು. ಕಪ್ಪು ಆಕಾಶದಲ್ಲಿ ಕೆಂಪು, ನೀಲಿ ಎಳೆಗಳು. ಕೆಳಗೆ 'ವೇಲ್ ನೆಬ್ಯುಲಾ, ಹಬಲ್' ಅಂತ ಇತ್ತು. ನೆಬ್ಯುಲಾ ಅಂದರೆ ಆಕಾಶದಲ್ಲಿರೋ ಅನಿಲ, ಧೂಳಿನ ಮೋಡ. ವಾಟ್ಸಾಪ್ ಫೋಟೊ ಎಂಟಡಿಗೆ ಹಿಗ್ಗಿಸಿದರೆ ಏನಾಗುತ್ತೆ ಅಂತ ಈ ಕಸುಬಿನವರಿಗೆ ಹೇಳಬೇಕಿಲ್ಲ. ಬರೀ ಚೌಕ ಚೌಕ. ಒರಿಜಿನಲ್ ಹುಡುಕೋಣ ಅಂತ ಕೂತೆ.

ಹುಡುಕುತ್ತಾ ಹೋದರೆ ಒಂದು ದೊಡ್ಡ ಉಗ್ರಾಣವೇ ಸಿಕ್ಕಿತು. ಭೂಮಿ ಸುತ್ತುತ್ತಿರುವ ಹಬಲ್ ಟೆಲಿಸ್ಕೋಪ್ ತೆಗೆದ ಫೋಟೊಗಳೆಲ್ಲ ಅಮೆರಿಕದ ಬಾಲ್ಟಿಮೋರಿನಲ್ಲಿ ಜೋಪಾನವಾಗಿವೆ. ಕೇಳಿ ತೆಗೆಸಿದ ವಿಜ್ಞಾನಿಗಳಿಗೆ ಕೆಲವು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಅವು ಮೀಸಲು. ಆಮೇಲೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡು ಕೇಳಲ್ಲ. ಇಳಿಸಿಕೊಂಡೆ. ತೆರೆದರೆ ಎಲ್ಲಾ ಕಪ್ಪುಬಿಳುಪು! ಜೊತೆಗೆ ಮೈತುಂಬ ಗೀಚು, ಬಿಳಿ ಚುಕ್ಕೆ.

ನಮ್ಮ ಹುಡುಗ ಕುಮಾರ ನೋಡಿ, "ಮೋಸ ಕಣಣ್ಣ, ಬಣ್ಣ ಇವರೇ ಹಚ್ಚವ್ರೆ" ಅಂದ.

ಈ ಮಾತು ತುಂಬಾ ಜನ ಹೇಳುತ್ತಾರೆ. ಆದರೆ ಪ್ರೆಸ್ಸಿನವನೇ ಹೀಗೆ ಹೇಳಬಾರದು ಅಲ್ವಾ? ನಮ್ಮಲ್ಲಿ ಕಲರ್ ಲಗ್ನಪತ್ರಿಕೆಗೆ ಇಂಕಿಗೊಂದರಂತೆ ನಾಲ್ಕು ಪ್ಲೇಟು. ಮಜೆಂಟಾ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರಲ್ಲಿ ಮಜೆಂಟಾ ಎಲ್ಲಿದೆ? ಎಲ್ಲಿ ಎಷ್ಟು ಇಂಕು ಬೀಳಬೇಕು ಅನ್ನೋ ಲೆಕ್ಕ ಮಾತ್ರ ಇದೆ. ಹಬಲ್ ಕ್ಯಾಮೆರಾವೂ ಹಾಗೇ. ಮುಂದೆ ಒಂದು ಫಿಲ್ಟರ್ ಇಟ್ಟು, ಒಂದೇ ಅನಿಲದ ಬೆಳಕನ್ನು ಒಳಗೆ ಬಿಟ್ಟು, ಆ ಬೆಳಕು ಎಲ್ಲಿ ಎಷ್ಟಿದೆ ಅಂತ ದಾಖಲಿಸುತ್ತದೆ. ಬೆಳಕಿನ ತರಂಗದ ಉದ್ದ ಹೈಡ್ರೋಜನ್ನಿಗೆ 656 ನ್ಯಾನೊಮೀಟರ್, ಆಮ್ಲಜನಕಕ್ಕೆ ಸುಮಾರು 501, ಗಂಧಕಕ್ಕೆ 672ರ ಆಸುಪಾಸು. ಮೂರು ಫೋಟೊ ಅಂದರೆ ಮೂರು ಪ್ಲೇಟು.

ಒಂದು ತೊಡಕಿದೆ. ಹೈಡ್ರೋಜನ್ನೂ ಕೆಂಪು, ಗಂಧಕವೂ ಕೆಂಪು. ಇದ್ದಂತೆಯೇ ಬಣ್ಣ ಕೊಟ್ಟರೆ ಎರಡೂ ಕಲಸಿ ಹೋಗುತ್ತೆ, ಯಾವುದು ಎಲ್ಲಿದೆ ಗೊತ್ತಾಗಲ್ಲ. ಅದಕ್ಕೆ ಗಂಧಕಕ್ಕೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಡುವ ರೂಢಿ ಇದೆ. 1995ರಲ್ಲಿ ಹಬಲ್ ತೆಗೆದ ಮೂರು ಕಂಬಗಳಂಥ ಧೂಳಿನ ಮೋಡದ ಫೋಟೊ ಎಲ್ಲರೂ ನೋಡಿರುತ್ತೀರಿ. ಅದಕ್ಕೆ ಇದೇ ಬಣ್ಣ. ಉದ್ದದ ತರಂಗಕ್ಕೆ ಕೆಂಪು, ಗಿಡ್ಡದ್ದಕ್ಕೆ ನೀಲಿ, ನಡುವಿನದಕ್ಕೆ ಹಸಿರು. ಸಾಲು ತಪ್ಪಿಸಿಲ್ಲ, ನಡುವಿನ ಅಂತರ ಎಳೆದಿದ್ದಾರೆ. ಮದುವೆ ಫೋಟೊದಲ್ಲಿ ನಾವು ಹುಡುಗಿ ಮುಖ ಬೆಳ್ಳಗೆ ಮಾಡುತ್ತೀವಲ್ಲ, ಸುಳ್ಳು ಅಂದರೆ ಅದು.

ಫ್ಲೆಕ್ಸೇನೋ ಎರಡು ದಿನದಲ್ಲಿ ಮುಗಿಸಿ ಕೊಟ್ಟೆ. ಹುಚ್ಚು ಮಾತ್ರ ಉಳಿಯಿತು. ರಾತ್ರಿ ಶಟರ್ ಅರ್ಧ ಎಳೆದು ಕೂರುವುದು ಶುರುವಾಯಿತು.

ಮೊದಲು ಗೀಚುಗಳನ್ನು ಅಳಿಸಬೇಕು. ಅವು ಕಾಸ್ಮಿಕ್ ಕಿರಣಗಳು, ಅಂದರೆ ಬಾಹ್ಯಾಕಾಶದಲ್ಲಿ ಭಾರಿ ವೇಗದಲ್ಲಿ ಓಡುವ ಕಣಗಳು, ಕ್ಯಾಮೆರಾ ಚಿಪ್ಪಿಗೆ ಬಡಿದ ಗುರುತು. ಒಂದೇ ಜಾಗದ ಎರಡು ಮೂರು ಫೋಟೊ ಹೋಲಿಸಿ, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ತೆಗೆಯುತ್ತಾರೆ. ತಮಾಷೆ ಏನು ಗೊತ್ತಾ? ಕಾಸ್ಮಿಕ್ ಕಿರಣಗಳು ಹುಟ್ಟುವ ಜಾಗಗಳಲ್ಲಿ ಸಿಡಿದ ನಕ್ಷತ್ರದ ಅವಶೇಷವೂ ಒಂದು. 2013ರಲ್ಲಿ ಫರ್ಮಿ ಅನ್ನೋ ಗಾಮಾ ಕಿರಣದ ಟೆಲಿಸ್ಕೋಪ್ ಇಂಥ ಎರಡು ಅವಶೇಷಗಳಲ್ಲಿ ಇದಕ್ಕೆ ಪುರಾವೆ ಕೊಟ್ಟಿತು. ಕಸ ಅಂತ ನಾನು ಅಳಿಸುತ್ತಿದ್ದುದು ಅದರದೇ ದಾಯಾದಿ.

ಈ ವೇಲ್ ನೆಬ್ಯುಲಾ ಕೂಡ ಸಿಡಿದ ನಕ್ಷತ್ರದ ಅವಶೇಷ. ನಮ್ಮ ಕಡೆ ಚೂಡಿದಾರದ ವೇಲ್ ಅಂತೀವಲ್ಲ, ಅದೇ ವೇಲ್. ರಾಜಹಂಸ ನಕ್ಷತ್ರಪುಂಜದಲ್ಲಿ, ನಮ್ಮಿಂದ ಸುಮಾರು 2,400 ಜ್ಯೋತಿರ್ವರ್ಷ ದೂರದಲ್ಲಿದೆ. ಸೂರ್ಯನ 20 ಪಟ್ಟು ತೂಕದ ನಕ್ಷತ್ರ ಸಾವಿರಾರು ವರ್ಷದ ಹಿಂದೆ ಸಿಡಿದದ್ದು. ಇಡೀ ಅವಶೇಷ ಆಕಾಶದಲ್ಲಿ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ಬರಿಗಣ್ಣಿಗೆ ಕಾಣಲ್ಲ. 1784ರಲ್ಲಿ ವಿಲಿಯಂ ಹರ್ಷೆಲ್ ಟೆಲಿಸ್ಕೋಪಿನಲ್ಲಿ ಕಂಡುಹಿಡಿದರು.

ಹಬಲ್ ಇದನ್ನು 1997ರಲ್ಲಿ ತೆಗೆದಿತ್ತು. 2015ರಲ್ಲಿ ಮತ್ತೆ ತೆಗೆಯಿತು. ನಡುವೆ, 2009ರಲ್ಲಿ, ಗಗನಯಾತ್ರಿಗಳು ಮೇಲೆ ಹೋಗಿ ಹಳೇ ಕ್ಯಾಮೆರಾ ಬಿಚ್ಚಿ ಹೊಸದು ಕೂರಿಸಿ ಬಂದಿದ್ದರು. ನನಗೆ ಇದೆಲ್ಲ ಆಗ ಗೊತ್ತಿರಲಿಲ್ಲ. ಒಂದು ಪ್ಲೇಟು ಹಳೇದು, ಇನ್ನೊಂದು ಹೊಸದು ಸಿಕ್ಕಿತ್ತು. ಎರಡನ್ನೂ ಲೇಯರ್ ಮಾಡಿ ಒಂದರ ಮೇಲೊಂದು ಇಟ್ಟೆ.

ಕೂರಲಿಲ್ಲ. ಮೊದಲು ಅಳತೆ ಬೇರೆ ಇತ್ತು, ಹೊಸ ಕ್ಯಾಮೆರಾದ್ದು ಸಣ್ಣ ಪಿಕ್ಸೆಲ್. ಹಿಗ್ಗಿಸಿ, ತಿರುಗಿಸಿ ಸರಿ ಮಾಡಿದೆ. ಆಗಲೂ ಎಳೆಗಳು ಎರಡೆರಡು ಕಾಣುತ್ತಿದ್ದವು. ಕುಮಾರ ಬೈಕ್ ಕೀ ತಗೊಳ್ಳುತ್ತಾ ಸ್ಕ್ರೀನ್ ಕಡೆ ಬಗ್ಗಿ, "ಅಣ್ಣ, ರಿಜಿಸ್ಟರ್ ಔಟ್ ಆಗದೆ" ಅಂದು ಮನೆಗೆ ಹೋದ.

ಪ್ಲೇಟುಗಳು ಕೂದಲೆಳೆ ಜರುಗಿದರೆ ಅಕ್ಷರದ ಪಕ್ಕ ಕೆಂಪು ಅಂಚು ಕಾಣುತ್ತೆ. ಅದನ್ನೇ ನಾವು ರಿಜಿಸ್ಟರ್ ಔಟ್ ಅನ್ನೋದು. ಮೂವತ್ತು ವರ್ಷದಿಂದ ಅದನ್ನು ಸರಿ ಮಾಡಿಕೊಂಡೇ ಬದುಕಿದವನು ನಾನು. ಎಳೆಗಳನ್ನು ಎಳೆಗಳ ಮೇಲೆ ಕೂರಿಸಿದೆ. ಆಗ ನಕ್ಷತ್ರಗಳು ಎರಡೆರಡಾದವು. ನಕ್ಷತ್ರಗಳನ್ನು ಕೂರಿಸಿದೆ, ಎಳೆ ಎರಡೆರಡಾಯಿತು. ರಾತ್ರಿ ಒಂದು ಗಂಟೆವರೆಗೆ ಇದೇ ಕತೆ. ಹೆಂಡತಿ ಎರಡು ಸಲ ಫೋನ್ ಮಾಡಿದಳು.

ಆಮೇಲೆ ಸುಮ್ನೆ ಎರಡು ಫೈಲಿನ ತಾರೀಖು ನೋಡಿದೆ. 1997. 2015.

ತಪ್ಪು ನನ್ನದಲ್ಲ. ಪ್ಲೇಟಿನದೂ ಅಲ್ಲ. ಹದಿನೆಂಟು ವರ್ಷದಲ್ಲಿ ನಕ್ಷತ್ರಗಳು ಹೆಚ್ಚುಕಡಿಮೆ ಅಲ್ಲೇ ಇವೆ, ಆ ಎಳೆಗಳು ಮುಂದಕ್ಕೆ ಹೋಗಿವೆ! ಸ್ಫೋಟದ ಅಲೆ ಇವತ್ತಿಗೂ ಸೆಕೆಂಡಿಗೆ ಸುಮಾರು 350 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಅಂದರೆ ಮಂಡ್ಯದಿಂದ ಬೆಂಗಳೂರಿಗೆ ಒಂದು ಸೆಕೆಂಡಿನ ಮೂರನೇ ಒಂದು ಭಾಗ. ಇಷ್ಟು ದೂರದಿಂದ ನೋಡಿದರೆ ಅದು ಹದಿನೆಂಟು ವರ್ಷಕ್ಕೆ ಬರೀ ಹತ್ತಾರು ಪಿಕ್ಸೆಲ್. ಆ ಜರುಗನ್ನು ಅಳೆಯಲಿಕ್ಕೆ ಅಂತಲೇ ವಿಜ್ಞಾನಿಗಳು ಅದೇ ಜಾಗವನ್ನು ಮತ್ತೆ ತೆಗೆಸಿದ್ದು. ನಾನು ಅದನ್ನೇ ಒರೆಸಿ ಹಾಕಲು ಮೂರು ಗಂಟೆ ಒದ್ದಾಡಿದ್ದೆ.

ಬೆಳಿಗ್ಗೆ ಅಪ್ಪನಿಗೆ ತೋರಿಸಿದೆ. ಅವರಿಗೆ ಕಣ್ಣು ಮಂಜು, ಆದರೂ ಪ್ರೂಫ್ ನೋಡುವ ಅಭ್ಯಾಸ ಹೋಗಿಲ್ಲ. ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದು, "ಎಳೆ ಅಲ್ಲ ಕಣ್ಲಾ ಇದು. ಬಟ್ಟೆ. ಮಡಿಕೆ ಬಿದ್ದಿರೋ ಕಡೆ ಗಟ್ಟಿ ಕಾಣ್ತದೆ, ಮಿಕ್ಕ ಕಡೆ ತೆಳು" ಅಂದರು. ಹೊರಗೆ ಹಗ್ಗದ ಮೇಲೆ ಮಗಳ ವೇಲ್ ಒಣಗುತ್ತಿತ್ತು. ಒಂದು ಪದರ ಇದ್ದ ಕಡೆ ಹಿಂದಿನ ತೆಂಗಿನಮರ ಕಾಣುತ್ತಿತ್ತು, ಮಡಿಕೆ ಇದ್ದ ಕಡೆ ಗಾಢ ಹಸಿರು ಗೆರೆ. ಆಮೇಲೆ ಓದಿದರೆ ಅಪ್ಪ ಹೇಳಿದ್ದೇ ಸರಿ. ಅವು ದಾರಗಳಲ್ಲ, ಅನಿಲದ ತೆಳು ಹಾಳೆಗಳು. ಹಾಳೆಯನ್ನು ಅಂಚಿನಿಂದ ನೋಡಿದ ಕಡೆ ಮಾತ್ರ ಬೆಳಕು ದಟ್ಟವಾಗಿ ಗೆರೆಯಂತೆ ಕಾಣುತ್ತದೆ. ಸಾಯುವ ಮೊದಲೇ ಆ ನಕ್ಷತ್ರ ತನ್ನ ಗಾಳಿಯಿಂದ ಸುತ್ತಲಿನ ಅನಿಲವನ್ನು ಗುಡಿಸಿ ದೂರ ತಳ್ಳಿ, ಒಂದು ಗೋಡೆ ಕಟ್ಟಿತ್ತು. ಸ್ಫೋಟದ ಅಲೆ ಈಗ ಹೋಗಿ ಆ ಗೋಡೆಗೆ ಗುದ್ದುತ್ತಿದೆ. ಗುದ್ದಿದ ಕಡೆ ಅನಿಲ ಕಾದು ಹೊಳೆಯುತ್ತದೆ.

ಈಗ ನಮ್ಮ ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟಿನ ಫೋಟೊಗಳಿಗೂ ಕೈ ಹಾಕಿದ್ದೇನೆ. 2015ರ ಸೆಪ್ಟೆಂಬರ್ 28ರಂದು ಹಾರಿಸಿದ್ದು. ಅದರ ಅತಿನೇರಳೆ ಟೆಲಿಸ್ಕೋಪ್ ಜೋಡಿಸಿದ್ದು ಹೊಸಕೋಟೆಯಲ್ಲಿ. ಅತಿನೇರಳೆ ಬೆಳಕನ್ನು ಓಜೋನ್ ತಡೆಯುತ್ತೆ, ಅದಕ್ಕೇ ಮೇಲೆ ಹೋಗಬೇಕು. ಮಾಹಿತಿ ಇಟ್ಟಿರೋದು ಬ್ಯಾಲಾಳಿನಲ್ಲಿ, ನಮ್ಮ ಬೆಂಗಳೂರು ರಸ್ತೆಯಿಂದ ಒಂದಷ್ಟು ಒಳಕ್ಕೆ. ಬಾಲ್ಟಿಮೋರಿಗಿಂತ ವಾಸಿ ಅಲ್ವಾ? ಅದರ ಕತೆ ಇನ್ನೊಮ್ಮೆ.

1997ರದಕ್ಕೆ ಕೆಂಪು, 2015ರದಕ್ಕೆ ಸಯಾನ್ (ಹಸಿರು ಬೆರೆತ ನೀಲಿ) ಕೊಟ್ಟು, ನಕ್ಷತ್ರಗಳನ್ನು ಸರಿಯಾಗಿ ಕೂರಿಸಿ, ಎಳೆಗಳನ್ನು ಇದ್ದಂತೆ ಬಿಟ್ಟು ಒಂದು ಪ್ರಿಂಟ್ ತೆಗೆದು ಕೌಂಟರ್ ಹಿಂದೆ ಅಂಟಿಸಿದ್ದೇನೆ. ಹೋದ ವಾರ ಮಗಳ ಮದುವೆಗೆ ಕಾರ್ಡು ಮಾಡಿಸಲು ಮದ್ದೂರು ಕಡೆಯ ಯಜಮಾನರೊಬ್ಬರು ಬಂದಿದ್ದರು. ಸ್ಯಾಂಪಲ್ ನೋಡುತ್ತಾ ನೋಡುತ್ತಾ ಗೋಡೆ ಕಡೆ ತಿರುಗಿದರು.

"ಏನ್ ಸ್ವಾಮಿ, ಗೋಡೆ ಮೇಲಿಂದೇ ಹಿಂಗೆ ಎರಡೆರಡು ಕಾಣ್ತದಲ್ಲ? ನಮ್ ಕಾರ್ಡೂ ಹಿಂಗೇ ಮಾಡಿಬಿಟ್ಟೀರಿ."

ಕುಮಾರ ಬಾಯಿ ಮುಚ್ಚಿಕೊಂಡು ಒಳಗೆ ಓಡಿದ. ನಾನು 1997ರಿಂದ ಶುರು ಮಾಡಿದೆ.